ಪರಾರಿ ಪ್ರತಿಭಾ

ಆ ಭಾನುವಾರ ಬೆಳಗ್ಗೆ ಉಮ್ಮಚಗಿ ಕಡೆಯ ಟಿ.ವಿ.ಗಳೆಲ್ಲ ಒಮ್ಮೆಲೇ ಕಪ್ಪಾದವು. ಲೈನ್‌ಮನ್ ಪ್ರತಿಭಾಳ ಫೋನು ಬಡಿದುಕೊಳ್ಳತೊಡಗಿದ್ದು ನಿಲ್ಲಲೇ ಇಲ್ಲ. ಕರೆಂಟು ಹೋಯಿತೆಂದು ಒಬ್ಬರು, ಹೊಸ ಧಾರಾವಾಹಿ ಶುರುವಾಗುವ ಹೊತ್ತಿಗೇ ತೆಗೆಯಬೇಕಿತ್ತೇ ಎಂದು ಇನ್ನೊಬ್ಬರು, ಏನೂ ಹೇಳದೆ ಬರೀ ಬೈದವರು ಕೆಲವರು. ಪ್ರತಿಭಾ ಎಲ್ಲರನ್ನೂ ಒಂದೇ ಮಾತು ಕೇಳಿದಳು. ಮನೆಯಲ್ಲಿ ಫ್ಯಾನು ತಿರುಗುತ್ತಿದೆಯೇ? ಎಲ್ಲರ ಮನೆಯಲ್ಲೂ ಗಿರ್ರೆಂದು ತಿರುಗುತ್ತಿತ್ತು. ಹೋಗಿದ್ದು ಧಾರಾವಾಹಿಯೊಳಗಿನ ಕರೆಂಟು. ಬೈದವರಲ್ಲಿ ಒಬ್ಬರೂ ತಿರುಗಿ ಫೋನು ಮಾಡಿ ತಪ್ಪಾಯಿತು ಅನ್ನಲಿಲ್ಲ. ಅದನ್ನು ನಿರೀಕ್ಷಿಸುವಷ್ಟು ಹೊಸಬಳೂ ಅವಳಾಗಿರಲಿಲ್ಲ.

ಧಾರಾವಾಹಿಗೆ ಏನೋ ಉದ್ದನೆಯ ಹೆಸರಿತ್ತು. ಊರವರ ಬಾಯಲ್ಲಿ ಅದು 'ಕತ್ತಲೆ ಧಾರಾವಾಹಿ' ಆಯಿತು. ಒಂದು ದಿನ ಜಗತ್ತಿನ ಕರೆಂಟೆಲ್ಲ ಹೋಗಿಬಿಡುತ್ತದೆ, ಮತ್ತೆ ಬರುವುದೇ ಇಲ್ಲ, ಆಮೇಲೆ ಮನುಷ್ಯರು ಹೇಗೆ ಬದುಕುತ್ತಾರೆ ಎಂಬುದು ಕಥೆ. ಭಾನುವಾರ ಬಂತೆಂದರೆ ಗಣಪ ಹೆಗಡೆಯವರ ಜಗಲಿ ತುಂಬುತ್ತಿತ್ತು, ಯಾಕೆಂದರೆ ಆ ಕೇರಿಯಲ್ಲಿ ದೊಡ್ಡ ಟಿ.ವಿ. ಇದ್ದದ್ದು ಅವರ ಮನೆಯಲ್ಲೇ. ನಾಯಕ ಬೆಂಕಿ ಹೊತ್ತಿಸಲು ಪರದಾಡಿದರೆ ಇಲ್ಲಿಂದ ಎಲ್ಲರೂ ಸಲಹೆ ಕೊಡುತ್ತಿದ್ದರು. ಹೆಗಡೆಯವರ ಹೆಂಡತಿ ರಾಜೀವಿಗೆ ಇದ್ದ ತಕರಾರು ಬೇರೆ. ಇಷ್ಟು ವಾರವಾದರೂ ಆ ಧಾರಾವಾಹಿಯಲ್ಲಿ ಒಬ್ಬರೂ ಬಾವಿಯಿಂದ ನೀರು ಸೇದಿಲ್ಲ, ಆದರೂ ನಾಯಕಿಗೆ ದಿನಾ ತಲೆಸ್ನಾನ ಹೇಗಾಗುತ್ತದೆ ಎಂದು ಅವರು ಪ್ರತಿ ಭಾನುವಾರ ಕೇಳುತ್ತಿದ್ದರು.

ಹೆಗಡೆಯವರಿಗೆ ಮಾತ್ರ ಧಾರಾವಾಹಿ ತಲೆಗೇ ಏರಿಬಿಟ್ಟಿತು. ಕರೆಂಟಿನಿಂದಲೇ ಮನುಷ್ಯ ಕೆಟ್ಟ, ಕರೆಂಟಿಲ್ಲದ ಕಾಲದಲ್ಲಿ ಜನರಲ್ಲಿ ಪ್ರೀತಿಯಿತ್ತು, ಆರೋಗ್ಯವಿತ್ತು, ಮತ್ತೆ ಆ ಕಾಲ ಬಂದರೆ ತಮ್ಮ ಮನೆಗೇನೂ ಆಗುವುದಿಲ್ಲ ಎಂದು ಪ್ರತಿ ವಾರ ಜಾಹೀರಾತು ಬಂದಾಗಲೆಲ್ಲ ಭಾಷಣ ಮಾಡುತ್ತಿದ್ದರು. ಅಷ್ಟಕ್ಕೇ ಬಿಡಲಿಲ್ಲ. ಇನ್ವರ್ಟರಿನ ಬ್ಯಾಟರಿ ಹಳತಾಗಿತ್ತು, ಹೊಸತು ತರುವ ಬದಲು ಇನ್ವರ್ಟರನ್ನೇ ಗುಜರಿಯವನಿಗೆ ಕೊಟ್ಟು ಕೈತೊಳೆದುಕೊಂಡರು. ಜಗಲಿಯಲ್ಲಿದ್ದವರು ಭೇಷ್ ಎಂದರು. ಭೇಷ್ ಎಂದವರ ಮನೆಯ ಇನ್ವರ್ಟರುಗಳೆಲ್ಲ ಇದ್ದ ಜಾಗದಲ್ಲೇ ಇದ್ದವು.

ಪ್ರತಿಭಾಳ ಗ್ರಹಚಾರ ಕೆಟ್ಟಿದ್ದು ಎರಡನೇ ಕಂತಿನಲ್ಲಿ. ಅದರಲ್ಲೊಬ್ಬ ಲೈನ್‌ಮನ್ ಬರುತ್ತಾನೆ. ಊರೆಲ್ಲ ಕತ್ತಲಾಗಿ ಜನ ಅವನ ಮನೆಯ ಮುಂದೆ ಬಂದು ನಿಂತಾಗ ಕೈಯಲ್ಲಿದ್ದ ಇಕ್ಕಳವನ್ನು ಬಾವಿಗೆ ಎಸೆದು ಬೈಕು ಹತ್ತಿ ಪರಾರಿಯಾಗುತ್ತಾನೆ. ಜಗಲಿಯಲ್ಲಿ ಯಾರೋ ನಕ್ಕರು. ಹೆಗಡೆಯವರು ಹುರುಪಿನಲ್ಲಿ, ನಮ್ಮಲ್ಲೂ ಹಾಗಾದರೆ ಮೊದಲು ಓಡುವವಳು ಪರಾರಿ ಪ್ರತಿಭಾನೇ ಎಂದರು. ಪ್ರಾಸ ಕೂಡಿಬಂದಿದ್ದೇ ಅನಾಹುತವಾಯಿತು. ಈ ಸೀಮೆಯಲ್ಲಿ ಅಡ್ಡಹೆಸರು ಒಮ್ಮೆ ಅಂಟಿದರೆ ಮಕ್ಕಳು ಮೊಮ್ಮಕ್ಕಳವರೆಗೆ ಅದೇ ಮನೆಹೆಸರು. ಮರುದಿನ ಹಾಲಿನ ಡೇರಿಯಲ್ಲಿ, ಅದರ ಮರುದಿನ ಬಸ್ಸಿನಲ್ಲಿ, ವಾರ ಕಳೆಯುವುದರೊಳಗೆ ಅವಳ ಬೆನ್ನ ಹಿಂದೆ ಎಲ್ಲ ಕಡೆ ಅದೇ ಹೆಸರು ಓಡಾಡಿತು.

ಹೆಸರಿನ ಜೊತೆಗೆ ಬೇಡಿಕೆಯೂ ಹುಟ್ಟಿತು. ಗಂಡಸೇ ಓಡಿಹೋದ ಮೇಲೆ ಹೆಂಗಸು ನಿಲ್ಲುತ್ತಾಳೆಯೇ, ಮಳೆಗಾಲ ಶುರುವಾಗುವ ಮೊದಲು ಈ ಕಡೆಗೆ ಒಬ್ಬ ಗಂಡಸನ್ನು ಹಾಕಿಸಿಕೊಳ್ಳಬೇಕು ಎಂದು ಹೆಗಡೆಯವರು ಊರಿನ ನಾಲ್ಕು ಜನರನ್ನು ಒಪ್ಪಿಸಿದರು. ಧಾರಾವಾಹಿಯ ಲೈನ್‌ಮನ್ ಓಡಿದ್ದಕ್ಕೆ ನಿಜವಾದ ಲೈನ್‌ಮನ್ ಜಾಗ ಬಿಡಬೇಕು ಎಂಬ ಈ ನ್ಯಾಯ ಯಾರಿಗೂ ವಿಚಿತ್ರವಾಗಿ ಕಾಣಲಿಲ್ಲ.

ಪ್ರತಿಭಾ ಸಿದ್ದಾಪುರದ ಕಡೆ ಮನ್ಮನೆಯವಳು. ಅಪ್ಪ ಕೆರಿಯಪ್ಪ ಹೆಸರಾದ ಕೊನೆಗೌಡ. ಬೇರೆಯವರ ತೋಟದಲ್ಲಿ ಮರ ಹತ್ತಿ ಅಡಿಕೆಕೊನೆ ಇಳಿಸಿಕೊಡುವುದು ಅವನ ಕಸುಬು. ಮಗಳು ಕಂಬ ಹತ್ತುವ ಪರೀಕ್ಷೆಗೆ ಅರ್ಜಿ ಹಾಕಿದಾಗ ನೆಂಟರೆಲ್ಲ ಮೂಗು ಮುರಿದರು. ಕೆರಿಯಪ್ಪ ಮಾತ್ರ ಅವಳನ್ನು ತೋಟಕ್ಕೆ ಕರೆದುಕೊಂಡು ಹೋಗಿ ಮರ ಹತ್ತಿಸಿದ. ಕಂಬ ತೂಗುವುದಿಲ್ಲ, ಅಡಿಕೆ ಮರಕ್ಕಿಂತ ಸಸಾರ ಎಂದ. ಪರೀಕ್ಷೆಯ ಮೈದಾನದಲ್ಲಿ ಅವಳು ಸರಸರ ಹತ್ತಿ ಮೇಲಿನಿಂದ ಕೆಳಗೆ ನೋಡಿದಾಗ, ಇಷ್ಟು ದಿನ ತನ್ನನ್ನು ನೋಡಿ ನಕ್ಕವರೆಲ್ಲ ಅಲ್ಲೇ ಕೆಳಗಿದ್ದಾರೆ ಅನ್ನಿಸಿ ಖುಷಿಯಾಗಿತ್ತು. ಆ ಖುಷಿ ಅವಳಿಗೆ ಇಂದಿಗೂ ಹಳತಾಗಿಲ್ಲ. ಮೋಟು ಕೂದಲು, ದೊಗಲೆ ಅಂಗಿ, ಸೊಂಟದ ಪಟ್ಟಿಯಲ್ಲಿ ಇಕ್ಕಳ, ಬೈಕಿನ ಹಿಂದೆ ಕಟ್ಟಿದ ಬಿದಿರೇಣಿ. ಈ ವೇಷದಲ್ಲಿ ಅವಳು ಮೂರು ಮಳೆಗಾಲ ಆ ಸೀಮೆಯ ಕಂಬಗಳನ್ನು ಹತ್ತಿ ಇಳಿದಿದ್ದಳು.

ಈಗ ಶಿರಸಿಯ ಕರೆಂಟ್ ಆಫೀಸಿನಲ್ಲಿ ಬಿಲ್ಲು ನೋಡಿಕೊಳ್ಳುವ ಟೇಬಲ್ಲು ಖಾಲಿಯಾಗಿತ್ತು. ಗಂಡ ಕಿರಣ ಶಿರಸಿಯಲ್ಲೇ ಗೂಡ್ಸ್ ಗಾಡಿ ಓಡಿಸುತ್ತಾನೆ. ಪಕ್ಕದ ಇಸಳೂರಿನಲ್ಲಿ ಸಣ್ಣದೊಂದು ಮನೆ ಕಟ್ಟಿಸಿದ್ದಾರೆ. ಅವಳು ಆ ಟೇಬಲ್ಲಿಗೆ ಒಪ್ಪಿದರೆ ಇಬ್ಬರೂ ಒಂದೇ ಮನೆಯಲ್ಲಿ ಉಣ್ಣಬಹುದು ಎಂದು ಅವನ ಆಸೆ, ಅದರಲ್ಲಿ ತಪ್ಪೇನೂ ಇಲ್ಲ. ಆದರೆ ಈಗ ಹೋದರೆ ಊರು ಇಟ್ಟ ಹೆಸರಿಗೆ ತಾನೇ ಸಹಿ ಹಾಕಿದಂತೆ ಎಂದು ಅವಳಿಗೆ ಸಿಟ್ಟು. ಇನ್ನೊಂದು ಸಂಗತಿಯೂ ಇತ್ತು. ಅವಳಿಗೆ ಕಂಬವೇ ಇಷ್ಟ. ಅದನ್ನು ಹೇಳಿದರೆ ಜನ ನಗುತ್ತಾರೆಂದು ಯಾರಿಗೂ ಹೇಳಿರಲಿಲ್ಲ.

ಕತ್ತಲೆ ಧಾರಾವಾಹಿಯ ಕೊನೆಯ ಕಂತು ಬಂದ ಭಾನುವಾರ ಹೆಗಡೆಯವರ ಜಗಲಿಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಕರೆಂಟು ಮರಳಿ ಬರುತ್ತದೋ ಇಲ್ಲವೋ ಎಂಬುದು ಅಂದು ತೀರ್ಮಾನವಾಗಬೇಕಿತ್ತು. ಜಗಲಿಯಲ್ಲಿ ಇಲ್ಲದವಳು ಆ ಮನೆಗೆ ಕೆಲಸಕ್ಕೆ ಬರುವ ದೇವಿ ಒಬ್ಬಳೇ. ಅವಳು ಹಿತ್ತಲಿನ ತಂತಿಬೇಲಿಗೆ ಬಟ್ಟೆ ಹರವಲು ಹೋದಾಗ ಏನೋ ಜುಂ ಎಂದು ಕೈಯನ್ನು ಹಿಂದಕ್ಕೆಸೆಯಿತು. ಓಡಿಬಂದು ಹೆಗಡೆಯವರಿಗೆ ಹೇಳಿದಳು. ಅವರು ಪರದೆಯಿಂದ ಕಣ್ಣು ಕೀಳದೆ, ಒದ್ದೆ ಕೈಗೆ ಹಾಗಾಗುತ್ತದೆ, ಮುಗಿದ ಮೇಲೆ ನೋಡೋಣ ಎಂದರು. ದೇವಿ ಅಂಗಳದ ಮೂಲೆಗೆ ಹೋಗಿ ಪ್ರತಿಭಾಳಿಗೆ ಫೋನು ಮಾಡಿದಳು.

ಪ್ರತಿಭಾ ಬೈಕು ಹತ್ತುವ ಮೊದಲು ಹೆಗಡೆಯವರಿಗೇ ಫೋನು ಹಚ್ಚಿದಳು. ಅರ್ಧ ಗಂಟೆ ತಡೆದರೆ ಆಕಾಶವೇನೂ ಕಳಚಿ ಬೀಳುವುದಿಲ್ಲ, ಬೇಲಿಯ ಹತ್ತಿರ ಯಾರನ್ನೂ ಬಿಡುವುದಿಲ್ಲ, ಇಂಥ ಹೊತ್ತಿನಲ್ಲಿ ಕರೆಂಟು ತೆಗೆದರೆ ಊರು ಸುಮ್ಮನಿರುವುದಿಲ್ಲ ಎಂದು ಅವರು ಬುದ್ಧಿಯನ್ನೂ ಹೇಳಿದರು, ಬೆದರಿಕೆಯನ್ನೂ ಹಾಕಿದರು. ಈಗ ತೆಗೆದರೆ ತನ್ನ ಜಾಗ ಹೋಯಿತೆಂದೇ ಲೆಕ್ಕ ಎಂದು ಅವಳಿಗೂ ಗೊತ್ತಾಯಿತು. ಆದರೆ ಬೇಲಿಯ ಆಚೆ ದಾರಿಯಿತ್ತು, ದಾರಿಯಲ್ಲಿ ದನವಿತ್ತು, ಜನವಿತ್ತು. ಅವಳು ಸೀದಾ ಕೇರಿಯ ಟ್ರಾನ್ಸ್‌ಫಾರ್ಮರಿನ ಬಳಿ ಹೋಗಿ ಸ್ವಿಚ್ಚನ್ನು ಕೆಳಗೆಳೆದು ಬೀಗ ಹಾಕಿ ಕೀಲಿಯನ್ನು ಕಿಸೆಗೆ ಹಾಕಿಕೊಂಡಳು. ಕೇರಿಗೆ ಕೇರಿಯೇ ಹೋ ಎಂದು ಕೂಗಿದ್ದು ಅಲ್ಲಿಗೂ ಕೇಳಿಸಿತು.

ಇನ್ವರ್ಟರ್ ಇದ್ದವರು ತಮ್ಮ ತಮ್ಮ ಮನೆಗೆ ಓಡಿದರು. ಇಲ್ಲದವರು ಹೆಗಡೆಯವರ ಹಿಂದೆ ಹಿತ್ತಲಿಗೆ ಬಂದರು. ಅಷ್ಟರಲ್ಲಿ ಪ್ರತಿಭಾ ಬೇಲಿಯುದ್ದಕ್ಕೂ ನಡೆದು ತಪ್ಪು ಹುಡುಕಿದ್ದಳು. ಪಂಪಿನ ಶೆಡ್ಡಿಗೆ ಕಂಬದಿಂದ ಹೆಗಡೆಯವರೇ ಎಳೆಸಿಕೊಂಡಿದ್ದ ವಯರು ಸವೆದು ಬೇಲಿಯ ಮೇಲೆ ಕೂತಿತ್ತು. ಹೆಗಡೆಯವರ ಮುಖ ಕೆಂಪಾಗಿತ್ತು. ವಯರು ಅಲ್ಲಿರುವುದು ಇವತ್ತು ನಿನ್ನೆಯದಲ್ಲ, ಬೇಲಿಗೆ ಕರೆಂಟು ಬಂದಿದ್ದರೆ ಇಷ್ಟು ದಿನ ಯಾಕೆ ಏನೂ ಆಗಲಿಲ್ಲ, ಕೂಲಿಯವಳ ಮಾತು ಕೇಳಿ ಊರಿಗೆ ಊರನ್ನೇ ಕತ್ತಲೆ ಮಾಡುವುದೇ ಎಂದು ದನಿಯೇರಿಸಿದರು. ಹಿಂದಿನಿಂದ ಯಾರೋ ಅವಳ ಅಡ್ಡಹೆಸರು ಹೇಳಿದರು. ಮೊದಲ ಸಲ ಅದು ಅವಳ ಮುಖದ ಮುಂದೆ ಬಂದಿತ್ತು.

ಪ್ರತಿಭಾ ಕಿಸೆಯಿಂದ ಕೀಲಿ ತೆಗೆದಳು. ಎಲ್ಲರಿಗೂ ಕಾಣುವಂತೆ ಎತ್ತಿ ಹಿಡಿದಳು.

"ಹೆಗಡೇರೆ, ಬೇಲಿಲಿ ಕರೆಂಟಿಲ್ಲ ಹೇಳಿ ನಿಮಗೆ ಖಾತ್ರಿ ಇದ್ರೆ ಒಂದು ಕೆಲಸ ಮಾಡಿ. ಈ ತಂತಿ ಹಿಡ್ಕಂಡು ನಿತ್ಕಳಿ. ನಾ ಈಗ್ಲೇ ಹೋಗಿ ಸ್ವಿಚ್ ಹಾಕ್ತೆ. ನಿಮ್ಮ ಧಾರಾವಾಹಿನೂ ಬರ್ತದೆ."

ಹೆಗಡೆಯವರು ಬೇಲಿಯನ್ನು ನೋಡಿದರು. ಒಣಗಲು ಹಾಕಿದ ಅವರದೇ ಪಂಚೆ ಅರ್ಧ ಬೇಲಿಯ ಮೇಲೆ, ಅರ್ಧ ನೆಲದ ಮೇಲೆ ಬಿದ್ದಿತ್ತು. ಅವರ ಎರಡೂ ಕೈಗಳು ತಾವಾಗಿಯೇ ಬೆನ್ನ ಹಿಂದೆ ಹೋದವು. ಜನರ ನಡುವಿನಿಂದ ರಾಜೀವಿ ಮುಂದೆ ಬಂದು ಗಂಡನ ಪಕ್ಕ ನಿಂತರು. ದಿನ ಬೆಳಗಾದರೆ ಆ ಬೇಲಿಗೆ ಬಟ್ಟೆ ಹರವುತ್ತಿದ್ದವರು ಅವರೇ. ದೇವಿ ಅಂದು ಬೇಗ ಬಂದಿದ್ದಕ್ಕೆ ಅವಳು ಹೋಗಿದ್ದಳು, ಅಷ್ಟೇ.

"ನಿಂಗ ಸುಮ್ನೆ ಒಳಗೆ ಬನ್ನಿ," ಎಂದರು ರಾಜೀವಿ ಗಂಡನಿಗೆ. "ಪ್ರತಿಭಾ ಹೇಳದು ಖರೆ ಇದ್ದು."

ಪ್ರತಿಭಾ ಏಣಿ ಹಚ್ಚಿ ಕಂಬ ಹತ್ತಿದಳು. ವಯರು ಬಿಚ್ಚಿ, ಬೇಲಿಯಿಂದ ದೂರ ಎತ್ತರಕ್ಕೆ ಎಳೆದು ಕಟ್ಟಿ ಇಳಿಯುವಷ್ಟರಲ್ಲಿ ಕೊನೆಯ ಕಂತು ಮುಗಿದು ಹೋಗಿತ್ತು. ಕರೆಂಟು ಬಂದಾಗ ದೊಡ್ಡ ಟಿ.ವಿ.ಯಲ್ಲಿ ಸೋಪಿನ ಜಾಹೀರಾತು ಓಡುತ್ತಿತ್ತು. ಕಥೆಯ ಕೊನೆ ಏನಾಯಿತೆಂದು ಜಗಲಿಯವರಿಗೆ ಗೊತ್ತಾಗಿದ್ದು ಇನ್ವರ್ಟರ್ ಇದ್ದವರ ಬಾಯಿಂದ. ಕೊನೆಯಲ್ಲಿ ಕರೆಂಟು ಬಂತಂತೆ. ಯಾರೂ ಕಂಬ ಹತ್ತಲಿಲ್ಲವಂತೆ, ತಾನಾಗಿಯೇ ಬಂತಂತೆ. ಅದನ್ನು ಕೇಳಿ ಪ್ರತಿಭಾಳಿಗೆ ಇಡೀ ಧಾರಾವಾಹಿಯ ಮೇಲೆ ಬಂದಷ್ಟು ಸಿಟ್ಟು ಪರಾರಿಯಾದ ಲೈನ್‌ಮನ್ ಮೇಲೂ ಬಂದಿರಲಿಲ್ಲ.

ಸೋಮವಾರ ಹೆಗಡೆಯವರು ಸುಮ್ಮನಿರಬಹುದಿತ್ತು. ಆದರೆ ಅಷ್ಟು ಜನರೆದುರು ಕೈ ಹಿಂದೆ ಕಟ್ಟಿಕೊಂಡವರಿಗೆ ಸುಮ್ಮನಿರುವುದು ಸುಲಭವಲ್ಲ. ಜೊತೆಗಿಬ್ಬರನ್ನು ಕರೆದುಕೊಂಡು ಕರೆಂಟಿನ ಸೆಕ್ಷನ್ ಆಫೀಸಿಗೆ ಹೋಗಿ ಸಾಹೇಬರ ಮುಂದೆ ಕೂತರು. ಪ್ರತಿಭಾಳಿಗೂ ಕರೆ ಬಂತು. ಹೆಂಗಸರ ಮೇಲೆ ತಮಗೆ ಗೌರವವಿದೆ, ಹುಡುಗಿಯ ಒಳ್ಳೆಯದಕ್ಕೇ ಹೇಳುವುದು, ಮಳೆಗಾಲಕ್ಕೆ ಊರಿಗೊಬ್ಬ ಗಂಡಸು ಬೇಕು ಎಂದು ಹೆಗಡೆಯವರು ಮೆತ್ತಗೆ ಶುರುಮಾಡಿದರು. ಸಾಹೇಬರು ಬೇಲಿಯ ಸಂಗತಿ ಏನೆಂದು ಕೇಳಿದ್ದಕ್ಕೆ, ಹೆಗಡೆಯವರು ಅದು ಬೇರೆ ವಿಷಯ ಎಂದು ಕಿಟಕಿಯ ಕಡೆ ತಿರುಗಿದರು.

ಸಾಹೇಬರು ಕೆಟ್ಟವರಲ್ಲ, ಆದರೆ ಜಗಳವೆಂದರೆ ಆಗದವರು. ಪ್ರತಿಭಾ ಮಾಡಿದ್ದು ಸರಿಯೆಂದೇ ಹೇಳಿದರು. ಹೇಳಿ, ಶಿರಸಿಯ ಟೇಬಲ್ಲು ಇನ್ನೂ ಖಾಲಿಯಿದೆ, ಅವಳು ಹೂಂ ಎಂದರೆ ಇವತ್ತೇ ಮೇಲಕ್ಕೆ ಬರೆಯುತ್ತೇನೆ, ಊರಿಗೆ ಅವರು ಕೇಳಿದ್ದು ಸಿಗುತ್ತದೆ, ಅವಳಿಗೆ ಗಂಡನ ಜೊತೆಗಿರಲು ಸಿಗುತ್ತದೆ, ಯಾರಿಗೂ ಬೇಸರವಿಲ್ಲ ಎಂದರು. ಹೆಗಡೆಯವರು ತಲೆಯಾಡಿಸಿದರು. ಕೋಣೆಯಲ್ಲಿದ್ದ ಎಲ್ಲರಿಗೂ ಅದು ಒಪ್ಪಿಗೆಯಾಗಿತ್ತು, ಪ್ರತಿಭಾ ಒಬ್ಬಳನ್ನು ಬಿಟ್ಟು. ಹಿಂದಿನ ರಾತ್ರಿ ಕಿರಣ ಫೋನಿನಲ್ಲಿ ಎಲ್ಲ ಕೇಳಿಸಿಕೊಂಡು, ಇಸಳೂರಿನ ಮನೆ ಎಲ್ಲಿಗೂ ಓಡಿಹೋಗುವುದಿಲ್ಲ, ನೀ ನಿನಗೆ ಕಂಡಂತೆ ಮಾಡು ಎಂದಿದ್ದ. ಅವನು ಹಾಗೆ ಅನ್ನದಿದ್ದರೂ ಅವಳ ಉತ್ತರ ಅದೇ ಆಗಿರುತ್ತಿತ್ತು, ಹೇಳುವಾಗ ಎದೆ ಸ್ವಲ್ಪ ಭಾರವಾಗುತ್ತಿತ್ತು, ಅಷ್ಟೇ.

"ನನಗೆ ಟೇಬಲ್ಲು ಬೇಡ ಸರ್," ಎಂದಳು. "ನನಗೆ ಕಂಬ ಹತ್ತೂದು ಇಷ್ಟ. ನಾ ಯಾರಿಗೂ ಹೆದರಿ ಅಲ್ಲಿಂದ ಹೋಗೂದಿಲ್ಲ. ಹೆಗಡೇರಿಗೆ ಗಂಡಸೇ ಬೇಕು ಅಂದ್ರೆ ಅವರೇ ಬೇರೆ ಊರು ನೋಡ್ಕಳ್ಲಿ."