ಏಲಕ್ಕಿ ಗೋದಾಮಿಗೆ ಕ್ಯಾಮೆರಾ ಆರಿಸಿದ್ದು

ಗೋದಾಮಿನ ಏಲಕ್ಕಿ ತೂಕದಲ್ಲಿ ಕಡಿಮೆ ಬರುತ್ತಿದೆ ಎಂದು ಅಪ್ಪನಿಗೆ ಗುಮಾನಿ ಹುಟ್ಟಿದ್ದು ನನ್ನ ಬಿ.ಎಸ್‌ಸಿ. ಪರೀಕ್ಷೆ ಮುಗಿದ ಬೇಸಿಗೆಯಲ್ಲಿ. ತೊಂಬತ್ತರ ದಶಕ ಮುಗಿಯುತ್ತಾ ಬಂದಿತ್ತು. ತಮಿಳುನಾಡಿನ ಕಂಬಂನಲ್ಲಿ ನಮ್ಮ ಗೋದಾಮು, ಮನೆ ಎರಡೂ ಒಂದೇ ಸೂರಿನಡಿ ಇದ್ದವು. ಮುಂದೆ ಗೋದಾಮು, ಹಿಂದೆ ಮನೆ, ನಡುವೆ ಹಗಲೆಲ್ಲ ತೆರೆದೇ ಇರುವ ಒಂದು ಬಾಗಿಲು. ಘಟ್ಟ ಇಳಿದು ಬಂದ ಏಲಕ್ಕಿಯನ್ನು ಹೆಂಗಸರು ಸಾಲಾಗಿ ಕೂತು ಮೊರದಲ್ಲಿ ಆಯುತ್ತಿದ್ದರು. ನಮ್ಮ ಹಾಸಿಗೆ, ಬಟ್ಟೆ, ಕೊನೆಗೆ ಮೊಸರನ್ನಕ್ಕೂ ಏಲಕ್ಕಿಯದೇ ವಾಸನೆ. ಬಂದ ನೆಂಟರು ಮೂಗರಳಿಸಿ ಆಹಾ ಎನ್ನುತ್ತಿದ್ದರು, ನಮಗೆ ಅದು ಇದೆ ಎಂದೇ ಗೊತ್ತಾಗುತ್ತಿರಲಿಲ್ಲ.

ಆಯುವ ಹೆಂಗಸರ ಮೇಲೆ ಅಪ್ಪನಿಗೆ ಅನುಮಾನ. ಬೋಡಿಯ ವ್ಯಾಪಾರಿಯೊಬ್ಬರು ಗೋದಾಮಿಗೆ ಕ್ಯಾಮೆರಾ ಹಾಕಿಸಿದ್ದನ್ನು ನೋಡಿ ಬಂದ ದಿನವೇ ತೀರ್ಮಾನವಾಯಿತು. ಭೌತಶಾಸ್ತ್ರ ಓದಿದ ಮಗಳು ಮನೆಯಲ್ಲಿ ಸುಮ್ಮನೆ ಕೂತಿದ್ದಾಳಲ್ಲ, ಆರಿಸುವ ಕೆಲಸ ಅವಳೇ ಮಾಡಲಿ ಎಂದರು. ಸುಮ್ಮನೆ ಕೂತಿದ್ದಾಳೆ ಎಂದದ್ದಕ್ಕೆ ನನಗೆ ಕೋಪ ಬಂತು. ಆದರೂ ಒಪ್ಪಿಕೊಂಡೆ.

ಕ್ಯಾಮೆರಾ ಮಾರುವ ದಿಂಡಿಗಲ್‌ನ ಒಂದು ಅಂಗಡಿಯಿಂದ ಒಬ್ಬ ಬಂದ. ಕೈಯಲ್ಲಿ ಸೂಟ್‌ಕೇಸು, ಬಸ್ಸಿನ ಧೂಳು ಕೂತ ಶರ್ಟು, ನನಗಿಂತ ಮೂರ್ನಾಲ್ಕು ವರ್ಷ ದೊಡ್ಡವನಿರಬೇಕು. ಸೂಟ್‌ಕೇಸು ಬಿಚ್ಚಿ ಕ್ಯಾಮೆರಾಗಳನ್ನು ಅಪ್ಪನ ಮೇಜಿನ ಮೇಲೆ ಒಂದೊಂದಾಗಿ ಇಟ್ಟ ರೀತಿ ನನಗೆ ಬಹಳ ಹಿಡಿಸಿತು. ನಿದ್ದೆಯಲ್ಲಿರುವ ಮಗುವನ್ನು ಮಲಗಿಸಿದಂತೆ ಇಡುತ್ತಿದ್ದ. ಎದುರಿಗೆ ತಮಿಳಿನಲ್ಲಿ ‘ನೀಂಗ’ ಎಂದು ಮರ್ಯಾದೆ ಕೊಟ್ಟೆ, ಮನಸ್ಸಿನೊಳಗೆ ಮಾತ್ರ ಮೊದಲ ದಿನದಿಂದಲೇ ‘ಅವನು’. ಅವನು ಮತ್ತೆ ಬರಬೇಕು ಎಂದು ಅವತ್ತೇ ಅನ್ನಿಸಿತು, ಮುಚ್ಚಿಡುವುದೇನು.

ನಮ್ಮ ಮನೆಯ ಒಂದು ಪದ್ಧತಿಯನ್ನು ಇಲ್ಲಿ ಹೇಳಬೇಕು. ನಮ್ಮ ಹಿರಿಯರು ಯಾವುದೋ ಕಾಲದಲ್ಲಿ ಕನ್ನಡ ಸೀಮೆಯಿಂದ ಬಂದು ಈ ಕಣಿವೆಯಲ್ಲಿ ಬೇಸಾಯಕ್ಕೆ ನಿಂತವರು. ಮನೆಯಲ್ಲಿ ನಮ್ಮದೇ ಒಂದು ಕನ್ನಡ, ಹೊಸಿಲು ದಾಟಿದರೆ ತಮಿಳು. ಅದನ್ನು ಬರೆಯಲು ನಾನು ಕಲಿತದ್ದು ಮದುವೆಯಾದ ಎಷ್ಟೋ ಕಾಲದ ಮೇಲೆ. ಆಗ ಅದು ಬರೀ ಬಾಯಿಮಾತು, ಜೊತೆಗೆ ನಮ್ಮ ವ್ಯಾಪಾರದ ದೊಡ್ಡ ಅನುಕೂಲ. ಹೊರಗಿನವರನ್ನು ಎದುರಿಗೆ ಕೂರಿಸಿಕೊಂಡೇ ಕನ್ನಡದಲ್ಲಿ ಗುಟ್ಟು ಮಾತಾಡುತ್ತಿದ್ದೆವು. ದನದ ವ್ಯಾಪಾರ, ಜಮೀನಿನ ವ್ಯಾಪಾರ, ಸೀರೆ ಅಂಗಡಿ ಎಲ್ಲ ಕಡೆಯೂ ಹೀಗೇ. ಅವನ ಮುಂದೆಯೂ ಶುರುವಾಯಿತು.

“ಅವ ಏಳಿದ ಬೆಲೇಲಿ ಕಾಲು ಪಾಲು ಇಳಿಸ್ಬೋದು. ನೀನು ಮೊಕ ಗಂಟಿಕ್ಕಂಡು ಕೂತ್ಕ” ಎಂದರು ಅಪ್ಪ.

ನಾನು ಮುಖ ಗಂಟಿಕ್ಕಲು ನೋಡಿದೆ, ಆಗಲಿಲ್ಲ. ಬಾಗಿಲಲ್ಲಿ ಕೂತಿದ್ದ ಅಜ್ಜಿ, ಅಂದರೆ ಅಪ್ಪನ ತಾಯಿ, ಅವನನ್ನೇ ನೋಡುತ್ತಾ, “ಪಾಪ, ಎಷ್ಟು ಒಣಗವ್ನೆ. ಇವ್ನ ಅವ್ವ ಒಟ್ಟೆಗೆ ಇಕ್ತಾಳೋ ಇಲ್ವೋ” ಎಂದರು. ಅವನು ತಲೆ ತಗ್ಗಿಸಿ ಲೆನ್ಸ್ ಒರೆಸುತ್ತಿದ್ದ. ಕೊನೆಗೆ ಅಪ್ಪ ಕನ್ನಡದಲ್ಲಿ ಎಷ್ಟಕ್ಕಾದರೆ ತಗೊಳ್ಳೋಣ ಎಂದಿದ್ದರೋ ಅಷ್ಟಕ್ಕೇ ಅವನು ತಮಿಳಿನಲ್ಲಿ ಬಂದು ನಿಂತ, ಅದಕ್ಕಿಂತ ಒಂದು ರೂಪಾಯಿ ಇಳಿಯಲಿಲ್ಲ. ಅಪ್ಪನಿಗೆ ತಮ್ಮ ಜಾಣತನದ ಬಗ್ಗೆ ಹಿಗ್ಗೋ ಹಿಗ್ಗು.

ಆರಿಸುವ ಕೆಲಸ ಒಂದು ವಾರದಲ್ಲಿ ಮುಗಿಯುವಂಥದು. ನಾನು ಅದನ್ನು ಮಳೆಗಾಲದವರೆಗೆ ಎಳೆದೆ. ಅಪ್ಪನಿಗೆ ಬಣ್ಣದ ಕ್ಯಾಮೆರಾವೇ ಬೇಕು. ಏಲಕ್ಕಿಗೆ ಹಸಿರಿದ್ದರೆ ತಾನೆ ಬೆಲೆ, ಕಪ್ಪುಬಿಳುಪಿನಲ್ಲಿ ಏನು ನೋಡುವುದು ಎಂಬುದು ಅವರ ವಾದ. ಗೋದಾಮು ಕತ್ತಲೆ, ಬಣ್ಣದ್ದಕ್ಕೆ ಹೆಚ್ಚು ಬೆಳಕು ಬೇಕು, ಕಡಿಮೆ ಬೆಳಕಿನಲ್ಲಿ ಕಪ್ಪುಬಿಳುಪೇ ಚೆನ್ನಾಗಿ ಕಾಣುತ್ತದೆ ಎಂದು ನಾನು ಓದಿದ್ದನ್ನೆಲ್ಲ ಹೇಳಿದೆ. ಅವನೂ ಹೌದು ಎಂದ. ಹಾಗಾದರೆ ಎರಡನ್ನೂ ತಂದು ತೋರಿಸಿ, ನೋಡಿಯೇ ತೀರ್ಮಾನ ಮಾಡೋಣ ಎಂದೆ. ಅವನು ಇನ್ನೊಂದು ದಿನ ಬಂದ. ಬಣ್ಣದ್ದರಲ್ಲಿ ಏಲಕ್ಕಿ ರಾಶಿ ಕೆಸರಿನ ಹಾಗೆ ಕಂಡಿತು. ಅಪ್ಪ ಬಾಯಿ ಮುಚ್ಚಿಕೊಂಡು ಕಪ್ಪುಬಿಳುಪಿಗೆ ಒಪ್ಪಿದರು.

ಆಮೇಲೆ ಲೆನ್ಸ್. ಅಗಲಕ್ಕೆ ನೋಡುವ ಲೆನ್ಸ್ ಹಾಕಿದರೆ ಇಡೀ ಸಾಲು ಕಾಣುತ್ತದೆ, ಆದರೆ ಯಾವ ಕೈ ಯಾರದೆಂದು ತಿಳಿಯುವುದಿಲ್ಲ. ಹತ್ತಿರಕ್ಕೆ ಎಳೆಯುವುದನ್ನು ಹಾಕಿದರೆ ಕೈ ಕಾಣುತ್ತದೆ, ಸಾಲು ಕಾಣುವುದಿಲ್ಲ. ಮೊದಲು ಒಂದು ಹಾಕಿಸಿದೆ, ಆಮೇಲೆ ಇನ್ನೊಂದು, ಮತ್ತೆ ಮೊದಲನೆಯದೇ ವಾಸಿ ಎಂದೆ. ಪ್ರತಿ ಸಲವೂ ಅವನು ದಿಂಡಿಗಲ್‌ನಿಂದ ಬಸ್ಸು ಹಿಡಿದು ಬರಬೇಕು. ಒಂದು ಸಲವೂ ಬೇಜಾರು ಮಾಡಿಕೊಳ್ಳಲಿಲ್ಲ. “ಸರಿ ಮೇಡಂ” ಎಂದು ಏಣಿ ಹತ್ತುತ್ತಿದ್ದ. ಅವನು ಬರುವ ದಿನ ಅಜ್ಜಿ ಒಂದು ಹಿಡಿ ಅಕ್ಕಿ ಹೆಚ್ಚಿಗೆ ಹಾಕಿಸುತ್ತಿದ್ದರು. ನಾನು ಬೆಳಿಗ್ಗೆಯಿಂದ ಯಾವ ಬಸ್ಸಿನ ಹಾರನ್ ಕೇಳಿದರೂ ಕೆಲಸ ಬಿಟ್ಟು ನಿಲ್ಲುತ್ತಿದ್ದೆ.

ರೆಕಾರ್ಡರಿನ ವಿಷಯದಲ್ಲಿ ಮಾತ್ರ ನಾನು ನಿಜವಾಗಿ ಯೋಚನೆ ಮಾಡಿದೆ. ಮನೆಯ ವಿಸಿಆರ್‌ನಲ್ಲಿ ಕ್ಯಾಸೆಟ್ ಮೂರು ಗಂಟೆಗೆ ಮುಗಿದುಹೋಗುತ್ತದೆ. ಗೋದಾಮಿಗೆ ಬೇಕಾದದ್ದು ಬಿಟ್ಟು ಬಿಟ್ಟು ಚಿತ್ರ ಹಿಡಿದು ಒಂದೇ ಕ್ಯಾಸೆಟ್ಟಿನಲ್ಲಿ ಹಗಲು ರಾತ್ರಿ ಎರಡನ್ನೂ ತುಂಬುವ ರೆಕಾರ್ಡರು. ಅದರಲ್ಲಿ ಮನುಷ್ಯರು ನಡೆಯುವುದಿಲ್ಲ, ಇಲ್ಲಿದ್ದವರು ಅಲ್ಲಿ ಇರುತ್ತಾರೆ. ಅಂಥವು ಎರಡು ತಂದಿದ್ದ. ಒಂದು ಹೊಸದು, ಹೆಚ್ಚು ಗೋಜಿಲ್ಲ. ಇನ್ನೊಂದು ಹಳೆಯ ಮಾದರಿ, ಬೆಲೆ ಕಡಿಮೆ, ಆದರೆ ತಿಂಗಳಿಗೊಮ್ಮೆ ಅಂಗಡಿಯವರು ಬಂದು ಒಳಗಿನ ಹೆಡ್ ಒರೆಸಿ ಹೋಗಬೇಕು. ನಾನು ಯಾವುದನ್ನು ಆರಿಸಿದೆ ಎಂದು ಹೇಳಬೇಕಾಗಿಲ್ಲ. ಮಗಳು ಮಿತವ್ಯಯ ಕಲಿತಿದ್ದಾಳೆ ಎಂದು ಅಪ್ಪ ಬಂದವರೆಲ್ಲರ ಮುಂದೆ ಹೇಳಿಕೊಂಡರು.

ಇದಕ್ಕೆ ಮಾತೂ ಕೇಳಿಸುತ್ತದಾ ಎಂದು ಅಪ್ಪ ಒಮ್ಮೆ ಕೇಳಿದರು. ಇಲ್ಲ ಅಯ್ಯಾ, ಚಿತ್ರ ಮಾತ್ರ ಎಂದ ಅವನು. ಅಪ್ಪ ನೆಮ್ಮದಿಯಿಂದ ಉಸಿರು ಬಿಟ್ಟು ನಮ್ಮ ಕಡೆ ತಿರುಗಿ, ಇನ್ನೇನು ಭಯವಿಲ್ಲ, ಮಾತಾಡಿ ಎಂದು ಕನ್ನಡದಲ್ಲಿ ಹೇಳಿದರು.

ನಾವೂ ಮಾತಾಡಿದೆವು. ಒಂದು ಮಧ್ಯಾಹ್ನ ಅವನು ಏಣಿಯ ಮೇಲೆ ನಿಂತು ವೈರು ಎಳೆಯುತ್ತಿದ್ದಾಗ ನಾನು ಅಜ್ಜಿಯ ಪಕ್ಕದಲ್ಲಿ ಕೂತು, “ಅಜ್ಜಿ, ಈ ಕೆಲಸ ಮುಗೀದಂಗೆ ಮಾಡಪ್ಪಾ ಅಂತ ದೇವ್ರಿಗೆ ಒಂದು ಅರಕೆ ಕಟ್ಕ” ಎಂದೆ.

“ಯಾಕವ್ವ?”

“ಇವ ಬರದಿದ್ರೆ ನಂಗೆ ಅನ್ನ ಇಳಿಯಲ್ಲ.”

“ಬಾಯ್ ಮುಚ್ಚು, ಕಳ್ಳಿ” ಎಂದು ಅಜ್ಜಿ ನನ್ನ ತೊಡೆಗೆ ಗಿಲ್ಲಿದರು. ಏಣಿಯ ಮೇಲಿಂದ ಒಂದು ಸ್ಕ್ರೂ ಕೆಳಗೆ ಬಿತ್ತು. ನಾನೇ ಎದ್ದು ಎತ್ತಿಕೊಟ್ಟೆ. ತೆಗೆದುಕೊಳ್ಳುವಾಗ ಅವನು ನನ್ನ ಮುಖ ನೋಡಲಿಲ್ಲ. ಎಂಥ ಸಂಕೋಚದವನು ಎಂದುಕೊಂಡೆ.

ಕ್ಯಾಮೆರಾ ಓಡತೊಡಗಿದ ಮೊದಲ ದಿನ ಆಯುವ ಹೆಂಗಸರೆಲ್ಲ ತಲೆಗೆ ಹೂ ಮುಡಿದು ಬಂದರು. ಮರುದಿನ ಅಪ್ಪ ಬೋಡಿಯ ಏಲಕ್ಕಿ ಹರಾಜಿಗೆ ಹೋಗಿದ್ದರು. ಹಿಂದಿನ ದಿನದ ಕ್ಯಾಸೆಟ್ಟು ಸರಿಯಾಗಿ ಬಿದ್ದಿದೆಯೇ ಎಂದು ಪರೀಕ್ಷಿಸಲು ಅವನು ಬಂದ. ಅಪ್ಪನ ಆಫೀಸು ರೂಮಿನಲ್ಲಿ ಮಾನಿಟರಿನ ಮುಂದೆ ಅವನು, ನಾನು, ಅಜ್ಜಿ. ತಾವು ಹೇಗೆ ಕಾಣುತ್ತೇವೆ ಎಂದು ನೋಡಲು ನಾಲ್ಕೈದು ಹೆಂಗಸರು ಬಾಗಿಲಲ್ಲಿ ನಿಂತು ಕಿಸಕಿಸ ನಗುತ್ತಿದ್ದರು. ಮಾನಿಟರು ಅವರಿಗೆ ಅಡ್ಡವಾಗಿತ್ತು, ಪರದೆ ಕಾಣುತ್ತಿದ್ದದ್ದು ನಮ್ಮ ಮೂವರಿಗೆ ಮಾತ್ರ. ಪರದೆಯನ್ನು ನಾಲ್ಕು ಭಾಗ ಮಾಡಿ ನಾಲ್ಕು ಕ್ಯಾಮೆರಾದ ಚಿತ್ರಗಳು ಒಟ್ಟಿಗೆ ಬರುತ್ತಿದ್ದವು. ಒಂದು ಭಾಗದಲ್ಲಿ ಸಂಜೆಯ ಗೋದಾಮು. ಎಲ್ಲರೂ ಎದ್ದು ಹೋಗಿದ್ದಾರೆ, ಒಬ್ಬಳು ಉಳಿದಿದ್ದಾಳೆ. ಮನೆಯ ಬಾಗಿಲಿಂದ ನಮ್ಮ ಅಜ್ಜಿ ಬಂದರು, ಮೂಟೆಯ ಬಾಯಿ ಬಿಚ್ಚಿದರು, ಎರಡು ಬೊಗಸೆ ಏಲಕ್ಕಿಯನ್ನು ಅವಳ ಮಡಿಲಿಗೆ ಹಾಕಿದರು.

ಅವಳ ಮಗಳು ಬಾಣಂತಿ ಎಂದು ನನಗೂ ಗೊತ್ತಿತ್ತು. ಹೆರಿಗೆ, ಕೆಮ್ಮು, ಮನೆಗೆ ನೆಂಟರು ಬಂದದ್ದು, ಎಲ್ಲಕ್ಕೂ ಅಜ್ಜಿ ಹೀಗೆ ಕೊಡುತ್ತಾ ಬಂದಿದ್ದಾರೆ ಎಂದು ಆಗ ತಿಳಿಯಿತು. ಅವನು ತಟ್ಟನೆ ಕ್ಯಾಸೆಟ್ಟು ನಿಲ್ಲಿಸಿದ. ಬಾಗಿಲಲ್ಲಿದ್ದ ಹೆಂಗಸರ ಕಡೆ ಒಮ್ಮೆ ನೋಡಿದ. ಆಮೇಲೆ ಅಜ್ಜಿಯ ಕಡೆ ಬಾಗಿ, ಮೆಲ್ಲಗೆ, ನಮ್ಮ ಕನ್ನಡದಲ್ಲಿ ಹೇಳಿದ.

“ಅಜ್ಜಿ, ನೀವು ಕೊಟ್ಟದ್ದು ಇದ್ರಾಗೆ ಬಿದ್ದದೆ. ಅಳಿಸ್ಬುಡ್ತೀನಿ. ಇನ್ಮೇಲೆ ಕೊಡಾದಾದ್ರೆ ಆ ಮೂಲೆ ಕಂಬದ ಇಂದ್ಕೆ ನಿಂತ್ಕಂಡು ಕೊಡಿ. ಅಲ್ಲಿಗೆ ಯಾವ ಕ್ಯಾಮೆರಾನೂ ಎಟ್ಕಲ್ಲ.”

ಮೂರು ತಿಂಗಳಿಂದ ಅವನ ಮುಂದೆ ಆಡಿದ ಮಾತೆಲ್ಲ ಒಟ್ಟಿಗೆ ನೆನಪಾದವು. ಅಜ್ಜಿ ಮಾತ್ರ ಏಲಕ್ಕಿಯ ವಿಷಯವನ್ನೇ ಬಿಟ್ಟು, ನಮ್ಮವರು ಯಾರನ್ನಾದರೂ ಮೊದಲು ಕೇಳುವುದನ್ನು ಕೇಳಿದರು.

“ಯಾವೂರಪ್ಪ ನಿಂದು?”

“ಬತ್ತಲಗುಂಡು ಪಕ್ಕ, ಅಜ್ಜಿ.”

“ಯಾರ ಪೈಕಿ?”

ಅವನು ಹೇಳಿದ. ಕನ್ನಡ ಆಡುವ ಬೇಸಾಯಗಾರರೇ, ಆದರೆ ನಮ್ಮ ಕುಲವಲ್ಲ. ಕೊಟ್ಟು ತರುವ ಸಂಬಂಧ ಇಲ್ಲ. ಅಜ್ಜಿಯ ಮುಖದಲ್ಲಿ ಏನೋ ಬಂದು ಹೋಯಿತು. “ನಿಮ್ಮವ್ವ ಒಟ್ಟೆಗೆ ಇಕ್ತಾಳೋ ಇಲ್ವೋ ಅಂದ್ಬುಟ್ಟೆ. ಮನಸ್ನಾಗೆ ಇಟ್ಕಬ್ಯಾಡ” ಎಂದರು.

“ಅವ್ವ ಓದ್ ವರ್ಸ ತೀರ್ಕಂಡ್ಳು, ಅಜ್ಜಿ. ನೀವು ಏಳಿದ್ದು ನಿಜವೇ.”

ಅಜ್ಜಿ ಸೆರಗಿನಲ್ಲಿ ಮೂಗು ಒರೆಸಿಕೊಂಡು, ಹೆಂಗಸರನ್ನು ಕೆಲಸಕ್ಕೆ ಅಟ್ಟಿ, ಅವನಿಗೆ ಎಲೆ ಹಾಕಲು ಒಳಗೆ ಹೋದರು. ನಾವಿಬ್ಬರೇ ಉಳಿದೆವು. ನಾಚಿಕೆಯಿಂದ ಸಾಯುವಂತಾಗಿತ್ತು, ಜೊತೆಗೆ ಹೇಳಲಾರದಷ್ಟು ಸಂತೋಷವೂ ಆಗಿತ್ತು. ನನ್ನ ಮನಸ್ಸು ಅವನಿಗೆ ಗೊತ್ತು, ನಾನೇ ಹೇಳಬೇಕಾದ ಕಷ್ಟವಿಲ್ಲ.

“ಏಣಿ ಮೇಲೆ ಇದ್ದಾಗ ಆಡಿದ್ದೂ ಕೇಳಿಸ್ತಾ?” ಎಂದೆ.

“ಊಂ” ಎಂದ. ಕ್ಯಾಸೆಟ್ಟನ್ನು ಹಿಂದಕ್ಕೆ ಸುತ್ತುತ್ತಾ, “ಮೊದಲ್ನೇ ದಿನವೇ ಏಳ್ಬೇಕು ಅಂತ ಬಾಯ್ಗೆ ಬಂದಿತ್ತು. ಏಳಿದ್ರೆ ನೀವು ನನ್ ಮುಂದೆ ಇಂಗೆ ಮಾತಾಡಾದ ನಿಲ್ಸ್‌ಬುಡ್ತಿದ್ರಿ. ಅವ್ವ ಓದ್ಮೇಲೆ ಮನೇಲಿ ಈ ಮಾತ ಆಡೋರಿಲ್ಲ. ಕೇಳಾಕೇ ಬತ್ತಿದ್ದೆ” ಎಂದ. ರೆಕಾರ್ಡರಿನ ಗುಂಡಿಯಿಂದ ಕೈ ತೆಗೆದು, “ಅದ್ಕೊಂದ್ಕೇ ಅಲ್ಲ” ಎಂದ.

ನನಗೆ ಧೈರ್ಯ ಬಂತು. “ಅಂಗಾರೆ ತಿಂಗ್ತಿಂಗ್ಳೂ ನೀವೇ ಬನ್ನಿ. ಅದುಕ್ಕೇ ನಾನು ಈ ಹಳೇ ರೆಕಾರ್ಡ್ರು ತಗಂಡದ್ದು.”

“ಗೊತ್ತು” ಎಂದು ನಕ್ಕ. ನಗು ಹಾಗೇ ಹೋಯಿತು. “ನಾನು ಬರಲ್ಲ. ಪಳನಿ ಕಡೆ ಕೆಲಸಕ್ಕೆ ಆಕಿ ಅಂತ ಅಂಗಡೀಲಿ ಕೇಳ್ಕಂಡಿವ್ನಿ.”

“ಯಾಕೆ?”

“ನಿಮ್ಗೆ ಇನ್ನೂ ಏಳಿಲ್ವಾ?” ಎಂದು ನನ್ನನ್ನು ನೇರವಾಗಿ ನೋಡಿದ. “ಓದ್ ಸಲ ನಾನು ಬಂದಾಗ ನೀವು ಕಾಲೇಜಿಗೆ ಸರ್ಟಿಫಿಕೇಟ್ ತರಾಕೆ ಓಗಿದ್ರಿ. ನಾನು ಈ ಮೇಜಿನ ಕೆಳ್ಗೆ ವೈರು ಕೂರಿಸ್ತಿದ್ದೆ. ನಿಮ್ಮಪ್ಪ ಅಜ್ಜಿ ಜೊತೆ ಮಾತಾಡ್ತಿದ್ರು. ನಿಮ್ಮ ಸೋದರಮಾವನ ಮಗಂಗೆ ಕೊಡೋದು ಅಂತ ಆಗೋಯ್ತು. ಪೊಂಗಲ್ ಆಗಿ ತೈ ತಿಂಗ್ಳಲ್ಲಿ ಮದ್ವೆ. ಕೂಸಿಗೆ ಈಗ್ಲೇ ಏಳ್ಬ್ಯಾಡ ಅಂದ್ರು.”

ನನ್ನ ಮದುವೆಯ ಸುದ್ದಿಯನ್ನು ನಾನು ಮೊದಲು ಕೇಳಿದ್ದು ಅವನ ಬಾಯಿಂದ. ಅದೂ ನಮ್ಮ ಮನೆಯ ಮಾತಿನಲ್ಲಿ.

ಅಜ್ಜಿ ಊಟಕ್ಕೆ ಕರೆದರು. ಅವನು ಎಲೆಯ ಮುಂದೆ ಕೂತ, ಬಡಿಸಿದ್ದನ್ನೆಲ್ಲ ಉಂಡ. ಗೊತ್ತಿದ್ದೂ ನನ್ನಿಂದ ಮುಚ್ಚಿಟ್ಟ ಅಜ್ಜಿ ನನ್ನ ಮುಖ ನೋಡದೆ ಬಡಿಸುತ್ತಿದ್ದರು, ಸಾರಿನ ಮೇಲೆ ಸಾರು ಹಾಕುತ್ತಿದ್ದರು. “ಓಗ್ಬುಟ್ಟು ಬತ್ತೀನಿ ಅಜ್ಜಿ” ಎಂದು ಅವನು ಎದ್ದ. ಹೋಗುವಾಗ ಎಲ್ಲರೂ ಹೇಳುವ ಮಾತು ಅದು. ಬತ್ತೀನಿ ಎಂದನಲ್ಲ ಎಂದು ನಾನು ಎಷ್ಟೋ ದಿನ ಅದನ್ನೇ ಹಿಡಿದುಕೊಂಡಿದ್ದೆ.

ಕೆಲವು ದಿನದ ಮೇಲೆ ಅಪ್ಪ ನನ್ನನ್ನು ಕೂರಿಸಿಕೊಂಡು ಮದುವೆಯ ವಿಷಯ ಹೇಳಿದರು. ಹೊಸದಾಗಿ ಕೇಳಿದಂತೆ ಕೇಳಿದೆ. ನಮ್ಮಲ್ಲಿ ಮಾವನ ಮನೆಯವರಿಗೆ ಹಕ್ಕು ಮೊದಲು, ಅದನ್ನು ದಾಟಿ ಮಾತಾಡುವ ಧೈರ್ಯ ನನ್ನ ವಾರಿಗೆಯ ಯಾವ ಹುಡುಗಿಗೂ ಇರಲಿಲ್ಲ. ಅವನು ಬಾ ಎಂದಿದ್ದರೆ ಹೋಗುತ್ತಿದ್ದೆನೇ? ಹೋಗುತ್ತಿದ್ದೆ ಎಂದು ಕೆಲವು ದಿನ ಅನ್ನಿಸುತ್ತದೆ. ತಿಂಗಳ ಕೊನೆಗೆ ರೆಕಾರ್ಡರು ಒರೆಸಲು ದಿಂಡಿಗಲ್‌ನಿಂದ ಬೇರೊಬ್ಬ ಬಂದ. ಅಪ್ಪ ಎಂದಿನಂತೆ ಅವನ ಎದುರಿಗೇ ಕನ್ನಡದಲ್ಲಿ, “ಇವ ಏನೂ ಗೊತ್ತಿಲ್ದ ಪೆದ್ದ” ಎಂದರು. ಅಜ್ಜಿಯೂ ನಾನೂ ಆ ಹೊಸಬನ ಮುಖ ನೋಡಿದೆವು. ಅವನಿಗೆ ನಿಜವಾಗಿಯೂ ಏನೂ ತಿಳಿಯಲಿಲ್ಲ. ತೂಕ ಆಮೇಲೂ ಕಡಿಮೆಯೇ ಬರುತ್ತಿತ್ತು.

ತೈಯಲ್ಲಿ ಮದುವೆಯಾಗಿ ಕಾಮಯಗೌಂಡನ್‌ಪಟ್ಟಿಗೆ, ದ್ರಾಕ್ಷಿ ತೋಟದ ಮನೆಗೆ ಬಂದೆ. ಗಂಡ ಒಳ್ಳೆಯವರು, ಅವರ ಮೇಲೆ ನನಗೆ ದೂರಿಲ್ಲ. ಅವರಿಗೆ ನಮ್ಮ ಮಾತು ತಿಳಿಯುತ್ತದೆ, ಆಡುವುದು ಮಾತ್ರ ತಮಿಳು. ಮಕ್ಕಳೂ ಹಾಗೇ. ಮನೆಗೆ ಕೆಲಸಕ್ಕೆಂದು ಹೊರಗಿನವರು ಬರುತ್ತಿರುತ್ತಾರೆ, ಫ್ರಿಜ್ಜಿನವರು, ಪಂಪಿನವರು, ಈಗೀಗ ತೋಟಕ್ಕೂ ಕ್ಯಾಮೆರಾ ಹಾಕುವವರು. ಬಾಗಿಲು ತೆಗೆದು ಮೊದಲು ಕನ್ನಡದಲ್ಲೇ ಕೇಳುತ್ತೇನೆ, “ಬಿಸ್ಲಾಗೆ ಬಂದ್ರಾ, ನೀರು ಬೇಕಾ?” ಅವರು ಅರ್ಥವಾಗದೆ “ಎನ್ನಂಗ?” ಎನ್ನುತ್ತಾರೆ. ತಮಿಳಿನಲ್ಲಿ ಇನ್ನೊಮ್ಮೆ ಕೇಳಿ, ಒಳಗೆ ಹೋಗಿ ನೀರು ತಂದುಕೊಡುತ್ತೇನೆ.