ಕ್ರೀಮಕ್ಕನ ಕೈಗೆ ಸಿಗದ ಕೆನ್ನೆ

ಬೆಳಗಿನ ಐದೂ ಮುಕ್ಕಾಲು. ಮೂರನೇ ಮಹಡಿಯ ಇಕ್ಕಟ್ಟಾದ ಕೋಣೆಯಲ್ಲಿ ನಿವೃತ್ತ ಟೀಚರಮ್ಮ ಮುಖ ತೊಳೆದು, ಏನೂ ಹಚ್ಚಿಕೊಳ್ಳದೆ ದಿಂಬಿಗೆ ಒರಗಿದ್ದಾರೆ. ಎದುರಿನ ಸ್ಟೂಲಿನಲ್ಲಿ ಕೂತ ಐವತ್ತರ ಹೆಂಗಸಿನ ಕಣ್ಣು ಗಡಿಯಾರದ ಮೇಲಿದೆ. ಮುಖ ತೊಳೆದು ಅರ್ಧ ಗಂಟೆ ಕಳೆಯಬೇಕು.

"ಸುಮ್ನಿರಿ ಟೀಚರಮ್ಮ, ಮಾತಾಡಿದ್ರೆ ಬೆವರು ಬರುತ್ತೆ." ಜೀವಮಾನವಿಡೀ ಮಕ್ಕಳ ಬಾಯಿ ಮುಚ್ಚಿಸಿದ ಟೀಚರಮ್ಮ ತೆಪ್ಪಗಾಗುತ್ತಾರೆ.

ಹೊತ್ತಾದ ಮೇಲೆ ಈಕೆ ತೆಳು ಕಾಗದದ ತುಂಡುಗಳನ್ನು ಹಣೆಗೆ, ಮೂಗಿಗೆ, ಕೆನ್ನೆಗೆ ಒತ್ತಿ, ಕಿಟಕಿಯ ಬೆಳಕಿಗೆ ಹಿಡಿಯುತ್ತಾರೆ. ಜಿಡ್ಡು ಹತ್ತಿದ್ದರೆ ಎಣ್ಣೆ ಚರ್ಮ, ಕಾಗದ ಹಾಗೇ ಇದ್ದರೆ ಒಣ ಚರ್ಮ. "ಮೂಗು ಪರವಾಗಿಲ್ಲ. ಕೆನ್ನೆ ಮಾತ್ರ ಒಣಗಿ ಬಿರೀತಿದೆ. ಮತ್ತೆ ಸುಡೋ ನೀರು ಸುರ್ಕೊಂಡ್ರಿ ತಾನೆ?" ಟೀಚರಮ್ಮ ಸೂರು ನೋಡುತ್ತಾರೆ.

ಈಕೆಯನ್ನು ಓಣಿಯವರೆಲ್ಲ ಕರೆಯುವುದು ಕ್ರೀಮಕ್ಕ ಎಂದೇ. ಗಂಡ ತೀರಿಕೊಂಡ ವರ್ಷ ಬ್ಯೂಟಿ ಪಾರ್ಲರಿನಲ್ಲಿ ಕಸ ಗುಡಿಸಲು ಸೇರಿದವರು ಹನ್ನೊಂದು ವರ್ಷ ಅಲ್ಲೇ ಕಣ್ಣಿನಿಂದ ಕಲಿತರು. "ಅಲ್ಲಿ ಬಂದೋರಿಗೆಲ್ಲ ಒಂದೇ ಡಬ್ಬಿ. ನನಗದು ಸರಿ ಅನ್ನಿಸ್ಲಿಲ್ಲ," ಎನ್ನುತ್ತಾರೆ. ಈಗ ದಿನಕ್ಕೆ ಏಳು ಮನೆ. ಹಾಸಿಗೆ ಹಿಡಿದವರು, ಹಸಿ ಬಾಣಂತಿಯರು, ಮೆಟ್ಟಿಲಿಳಿಯಲಾರದ ವೃದ್ಧರು. ಎಲ್ಲ ಸೇರಿ ಮುನ್ನೂರು ಚಿಲ್ಲರೆ ಮೆಟ್ಟಿಲು, ಮಂಡಿಯ ಗೊಣಗಾಟ ಬೇರೆ.

ಚೀಲದಲ್ಲಿ ಮೃದು ಸೋಪು, ಗಟ್ಟಿ ಕ್ರೀಮು, ತೆಳು ಕ್ರೀಮು, ಬಿಸಿಲಿಗೊಂದು ಟ್ಯೂಬು. ಒಣ ಚರ್ಮಕ್ಕೆ ಒದ್ದೆ ಆರುವ ಮೊದಲೇ ಗಟ್ಟಿ ಕ್ರೀಮು. ಎಣ್ಣೆ ಚರ್ಮಕ್ಕೆ ತೆಳುವಾದದ್ದು, ದಿನಕ್ಕೆ ಎರಡೇ ಸಲ ತೊಳೆತ. ಮುಟ್ಟಿದರೆ ಕೆಂಪಾಗುವ ಚರ್ಮವಾದರೆ ಕಿವಿ ಹಿಂದೆ ಚೂರು ಹಚ್ಚಿ ಒಂದು ದಿನ ಕಾಯುವುದು. ಗಾಯ, ಕೀವು ಕಂಡರೆ, "ಅದು ಡಾಕ್ಟರ ಕೆಲಸ, ನಂದಲ್ಲ." ಇವರ ಬಗ್ಗೆ ಬರೆಯಲೆಂದು ಜೊತೆಗೆ ಸುತ್ತಿದ ನನ್ನನ್ನೂ ಬಿಡಲಿಲ್ಲ. "ಮೈ ಸೋಪಲ್ಲೇ ಮುಖ ಉಜ್ತೀರಲ್ವಾ? ನೋಡಿದ್ರೇ ಗೊತ್ತಾಗುತ್ತೆ." ನಾನೂ ಸೂರು ನೋಡಿದೆ.

ಇಷ್ಟು ಕಟ್ಟುನಿಟ್ಟಿನ ಕ್ರೀಮಕ್ಕ ಕಾಗದ ಒತ್ತದೆ ಬಿಟ್ಟ ಮುಖ ಒಂದೇ ಒಂದು. ಸ್ವಂತ ಮಗಳದ್ದು.

ಒಂಬತ್ತು ವರ್ಷದ ಹಿಂದಿನ ಮಾತು. ಹದಿನೈದರ ಹುಡುಗಿ, ಶಾಲೆಯ ನಾಟಕದಲ್ಲಿ ಮೊದಲ ಪಾತ್ರ. ಮುಖ ಹೊಳೆಯಲಿ ಎಂದು ತಾಯಿ ಎರಡು ವಾರ ರಾತ್ರಿ ರಾತ್ರಿ ಗಟ್ಟಿ ಕ್ರೀಮು ತಿಕ್ಕಿದರು. "ನನ್ನ ಹೊಟ್ಟೇಲಿ ಹುಟ್ಟಿದೋಳು, ನನ್ನ ಥರಾನೇ ಒಣ ಚರ್ಮ ಇರುತ್ತೆ ಅಂದ್ಕೊಂಡೆ. ಅವಳದ್ದು ಅಪ್ಪನ ಚರ್ಮ, ಎಣ್ಣೆ ಸುರಿಯೋದು. ಮೊಡವೆ ಎದ್ದಾಗ್ಲೂ ಒಣಗಿ ಹೀಗಾಯ್ತು ಅಂತ ಇನ್ನಷ್ಟು ಹಚ್ಚಿದೆ. ಬುದ್ಧಿ ಎಲ್ಲಿಟ್ಟಿದ್ನೋ!" ಮೊಡವೆ ಕೀವಾದವು, ಕಲೆ ಉಳಿದವು. ಪಾತ್ರ ಬೇರೊಬ್ಬಳ ಪಾಲಾಯಿತು. ಅಂದಿನಿಂದ ಮಗಳು ತಾಯಿಯ ಕೈಗೆ ಮುಖ ಕೊಟ್ಟಿಲ್ಲ. ಒಂದೇ ಮನೆ, ಒಂದೇ ಕನ್ನಡಿ. ಜ್ವರ ಬಂದರೂ ಹಣೆ ಮುಟ್ಟಲು ಬಿಡದೆ ಥರ್ಮಾಮೀಟರ್ ತಾನೇ ಇಟ್ಟುಕೊಳ್ಳುತ್ತಾಳೆ.

ಕನ್ನಡಕದ ಅಂಗಡಿಯಲ್ಲಿ ದುಡಿಯುವ ಮಗಳನ್ನು ಊಟದ ವೇಳೆಯಲ್ಲಿ ಕಂಡೆ. ನಗುಮೊಗದ ಹುಡುಗಿ. ಕೆನ್ನೆಯ ಕಲೆಗಳು ಹತ್ತಿರ ಬಂದರಷ್ಟೇ ಕಾಣುತ್ತವೆ. "ಕೋಪ ಎಲ್ಲ ಯಾವತ್ತೋ ಹೋಯ್ತು," ಎಂದಳು. "ಆದ್ರೆ ಅಮ್ಮ ನನ್ನ ನೋಡಲ್ಲ, ಕಲೆ ನೋಡ್ತಾಳೆ. ಒಂದ್ಸಲ ಮುಟ್ಟಿದ್ರೆ ಅತ್ತುಬಿಡ್ತಾಳೆ. ಆ ಅಳು ನನಗೆ ತಡೆಯೋಕಾಗಲ್ಲ."

ಇದನ್ನು ತಾಯಿಗೆ ಹೇಳಲೇ ಎಂದು ಕೇಳಿದೆ. ಊಟದ ಡಬ್ಬಿಯ ಮುಚ್ಚಳ ತಿರುಗಿಸಿ ಮುಚ್ಚಿ, "ಹೇಳಿ," ಎಂದಳು.

ಹೇಳಿದೆ. ಏಳನೇ ಮನೆ ಮುಗಿಸಿ ಮೆಟ್ಟಿಲ ಮೇಲೆ ಕೂತಿದ್ದ ಕ್ರೀಮಕ್ಕ ಚೀಲ ಪಕ್ಕಕ್ಕಿಟ್ಟರು.

"ಅಳಲ್ಲ ಅಂತ ಅವಳಿಗೆ ಹೇಳಿ," ಎಂದರು, ಅಳುತ್ತಲೇ. "ಏನೂ ಹಚ್ಚೋದೂ ಇಲ್ಲ. ಬರೀ ಒಂದ್ಸಲ ಕೆನ್ನೆ ಹಿಡ್ಕೋಬೇಕು. ಓಣಿಯೋರ ಮುಖ ಎಲ್ಲ ನನ್ನ ಕೈಗೆ ಗೊತ್ತು ಕಣ್ರೀ. ನನ್ನ ಮಗಳು ಮಾತ್ರ ಈ ಕೈಗೆ ಇನ್ನೂ ಹದಿನೈದು ವರ್ಷದೋಳು."