ಕಟ್ಟಿದ ಬಾಗಿಲಿನ ಜೀಪು

ನಾಗೇಂದ್ರ ಅವರ ಜೀಪಿನ ಬಲಗಡೆಯ ಬಾಗಿಲು ತೆರೆಯುವುದಿಲ್ಲ. ಅದರ ಹಿಡಿಕೆಯನ್ನು ಸೀಟಿನ ಕಂಬಿಗೆ ಸೇರಿಸಿ ನೀಲಿ ನೈಲಾನ್ ಹಗ್ಗದಿಂದ ಬಿಗಿದಿದ್ದಾರೆ. ಅವರು ಎಡಗಡೆಯಿಂದ ಹತ್ತಿ, ಗೇರಿನ ಆಚೆ ಕಾಲು ದಾಟಿಸಿ, ತಮ್ಮ ಜಾಗದಲ್ಲಿ ಕೂರುತ್ತಾರೆ. ನೋಡಿದ ಪ್ರವಾಸಿಗರಿಗೆ ನಗು.

'ಏನಣ್ಣ, ಬಾಗಿಲು ರಿಪೇರಿ ಮಾಡ್ಸೋದಲ್ವಾ?'

'ಬಾಗಿಲು ಸರಿ ಇದೆ ಸರ್. ರಿಪೇರಿ ಬೇಕಿರೋದು ಡ್ರೈವರಿಗೆ.'

ನಾಗೇಂದ್ರ ಅವರ ಊರು ಹೊಸನಗರ ತಾಲ್ಲೂಕಿನ ಅಂಚಿನಲ್ಲಿ, ಗಾಳಿಕಟ್ಟೆ ಗುಡ್ಡದ ಬುಡದಲ್ಲಿದೆ. ಗೇಣಿಯಿಂದ ಬಿಡಿಸಿಕೊಂಡ ಅಪ್ಪನ ಗದ್ದೆ ಮಕ್ಕಳಿಗೆ ಪಾಲಾದಾಗ, ತಮ್ಮ ಭಾಗವನ್ನು ತಮ್ಮನಿಗೆ ಬಿಟ್ಟು, ಅವನು ಕೊಟ್ಟ ಹಣದಲ್ಲಿ ಹಳೆಯ ಜೀಪು ಕೊಂಡರು. ನವೆಂಬರ್‌ನಿಂದ ಜನವರಿವರೆಗೆ, ಮಂಜು ಬೀಳುವ ಬೆಳಗಿನಲ್ಲಿ, ಸೂರ್ಯೋದಯ ನೋಡುವವರನ್ನು ಗುಡ್ಡ ಹತ್ತಿಸುವುದು ಅವರ ಕಸುಬು. ಹೆಂಡತಿ ಸುಪ್ರಿಯಾ ಜೀಪ್ ಸ್ಟ್ಯಾಂಡಿನಲ್ಲೇ ಚಹಾ, ಕಡುಬು ಮಾರುತ್ತಾರೆ. ವರ್ಷದ ಸಂಪಾದನೆ ಆ ಮೂರು ತಿಂಗಳದ್ದು.

ಗುಡ್ಡದ ದಾರಿ ಕಾಡಿನೊಳಗಿನದು. ಅದನ್ನು ಯಾವ ಇಲಾಖೆಯೂ ರಸ್ತೆ ಎಂದು ಕರೆಯುವುದಿಲ್ಲ, ಹಾಗಾಗಿ ಅದಕ್ಕೆ ಅನುದಾನವೂ ಇಲ್ಲ. ಜೀಪಿನವರೇ ಟ್ರಿಪ್ಪಿಗೆ ಇಷ್ಟೆಂದು 'ದಾರಿ ಡಬ್ಬಿ'ಗೆ ಹಾಕಿ, ಮಳೆಗಾಲ ಮುಗಿದ ಮೇಲೆ ಕಲ್ಲು ತುಂಬಿಸುತ್ತಾರೆ. ಅದರಲ್ಲೂ ಒಂದು ಲೆಕ್ಕಾಚಾರವಿದೆ. ದಾರಿ ತೀರಾ ಕೆಟ್ಟರೆ ಜೀಪು ಹತ್ತುವುದಿಲ್ಲ. ತೀರಾ ಚೆನ್ನಾದರೆ ಪ್ರವಾಸಿಗರ ಕಾರುಗಳೇ ಹತ್ತಿಬಿಡುತ್ತವೆ, ಜೀಪು ಯಾರಿಗೂ ಬೇಕಾಗುವುದಿಲ್ಲ. ಎರಡರ ನಡುವೆ ದಾರಿಯನ್ನು ಹಿಡಿದಿಡುವುದಕ್ಕೇ ಆ ಹಣ. ಕುಲುಕಾಟಕ್ಕೆಂದೇ ಬರುವವರೂ ಇದ್ದಾರೆ.

ಕಳೆದ ಡಿಸೆಂಬರ್ ಮೊದಲಲ್ಲಿ ಅಕಾಲಿಕ ಮಳೆ ಸುರಿಯಿತು. ಡಬ್ಬಿಯ ಹಣ ಅಕ್ಟೋಬರ್‌ನಲ್ಲೇ ಖರ್ಚಾಗಿತ್ತು. ಅತ್ತಿಮರದ ತಿರುವಿನಲ್ಲಿ ಬಲಕ್ಕೆ ಗುಡ್ಡದ ಗೋಡೆ, ಎಡಕ್ಕೆ ಕಣಿವೆ. ಕಣಿವೆಯ ಕಡೆ ಪೇರಿಸಿದ್ದ ಕಲ್ಲುಗಳು ಕೆಳಗಿನಿಂದ ಜಾರಿದ್ದವು. ಮೇಲೆ ಮಾತ್ರ ಹುಲ್ಲೂ ಮಣ್ಣೂ ಮೊದಲಿನ ಹಾಗೆಯೇ ಕಾಣುತ್ತಿದ್ದವು. ಚಾಲಕರೆಲ್ಲರಿಗೂ ವಿಷಯ ಗೊತ್ತಿತ್ತು. ಮೊದಲ ಪಾಳಿಗಾಗಿ ಜಗಳವಾಡುತ್ತಿದ್ದವರು ಈಗ ಬೇಕೆಂದೇ ತಡಮಾಡಿ ಬರತೊಡಗಿದರು. ಮೊದಲು ಹತ್ತುವ ಜೀಪು ತಿರುವಿನ ಗಟ್ಟಿತನ ಪರೀಕ್ಷಿಸಿದಂತೆ. ಅದನ್ನು ಯಾರೂ ಬಾಯಿಬಿಟ್ಟು ಹೇಳಲಿಲ್ಲ.

ಆ ಬೆಳಿಗ್ಗೆ ಮೊದಲ ಪಾಳಿ ನಾಗೇಂದ್ರ ಅವರದಾಯಿತು. ಹಿಂದೆ ಒಂದು ಕುಟುಂಬ, ಮುಂದೆ ಅವರ ಪಕ್ಕದಲ್ಲಿ ಆ ಮನೆಯ ಪುಟ್ಟ ಹುಡುಗಿ ವಿಭಾ.

'ಅಂಕಲ್, ಮೇಲೆ ಹೋದ್ರೆ ಮೋಡ ಮುಟ್ಟಬಹುದಾ?'

ಉತ್ತರ ಹೇಳುವಷ್ಟರಲ್ಲಿ ಹಿಂದಿನ ಎಡಚಕ್ರ ಕುಸಿಯಿತು. ಜೀಪು ಕಣಿವೆಯ ಕಡೆ ವಾಲಿತು. ಕೆಳಗೆ ಕಲ್ಲುಗಳು ಉರುಳಿಹೋಗುವ ಸದ್ದು ಕೇಳಿಸಿತು. ಅವು ತಳ ಮುಟ್ಟಿದ ಸದ್ದು ಕೇಳಿಸಲಿಲ್ಲ. ಮರುಕ್ಷಣ ಜೀಪು ಬಂದ ವೇಗಕ್ಕೇ ಕುಪ್ಪಳಿಸಿ ಗಟ್ಟಿ ನೆಲಕ್ಕೆ ಬಂತು. ಹಿಂದಿದ್ದವರು ಕೇಕೆ ಹಾಕಿದರು. 'ಇನ್ನೊಂದ್ಸಲ ಅಂಕಲ್!' ಎಂದು ವಿಭಾ ಚಪ್ಪಾಳೆ ತಟ್ಟಿದಳು.

ನಾಗೇಂದ್ರ ಆಗ ನೋಡಿಕೊಂಡರು. ತಮ್ಮ ಪಕ್ಕದ ಬಾಗಿಲು ಪೂರ್ತಿ ತೆರೆದಿತ್ತು. ಬಲಗೈ ಹಿಡಿಕೆಯ ಮೇಲಿತ್ತು, ಬಲಗಾಲು ಹೊರಗಿನ ಮೆಟ್ಟಿಲಿಗೆ ಇಳಿದಿತ್ತು. ಬಾಗಿಲು ತೆಗೆದದ್ದು ಅವರಿಗೆ ನೆನಪೇ ಇರಲಿಲ್ಲ.

ಸಂಜೆ ಸ್ಟ್ಯಾಂಡಿನ ತಗಡಿನ ಮಾಡಿನಡಿ ಚಾಲಕರು ಸೇರಿದರು. ತಿರುವು ಸರಿಯಾಗುವ ತನಕ ಜೀಪು ನಿಲ್ಲಿಸೋಣ ಎಂದರು ನಾಗೇಂದ್ರ. ಸಂಘದ ಅಧ್ಯಕ್ಷ ದುಗ್ಗಪ್ಪ ತಲೆಯಾಡಿಸಿದರು.

'ಡಬ್ಬಿ ಖಾಲಿ ಮಾರಾಯ. ಕ್ರಿಸ್‌ಮಸ್ ರಜೆ ಒಂದು ಮುಗೀಲಿ. ಜೀಪು ಓಡಿದ್ರೆ ತಾನೆ ಕಲ್ಲಿಗೆ ದುಡ್ಡು?'

'ನಾಗೇಂದ್ರಣ್ಣಂಗೆ ವಯಸ್ಸಾಯ್ತು,' ಎಂದ ಯುವ ಚಾಲಕ ಗೌತಮ್. 'ಹೊನ್ನೆಮರಡಿಗೆ ಹೋಗಿ ಹಿನ್ನೀರಲ್ಲಿ ದೋಣಿ ಬಿಡ್ಲಿ. ಅಲ್ಲಿ ತಿರುವಿಲ್ಲ.'

ಎಲ್ಲರೂ ನಕ್ಕರು. ನಗು ನಿಲ್ಲುವವರೆಗೆ ನಾಗೇಂದ್ರ ಕಾದರು.

'ಬೆಳಿಗ್ಗೆ ಚಕ್ರ ಕುಸೀತು. ನಾನು ಬಾಗಿಲು ತೆಗ್ದಿದ್ದೆ, ದುಗ್ಗಪ್ಪಣ್ಣ. ಪಕ್ಕದಲ್ಲಿ ಆ ಮಗು ಕೂತಿತ್ತು. ಬಿಟ್ಟು ಹಾರ್ತಿದ್ದೆ.'

ಗೌತಮ್ ನೆಲ ನೋಡಿದ. ದುಗ್ಗಪ್ಪ ಬಾಯಲ್ಲಿದ್ದ ಎಲೆಯಡಿಕೆ ಉಗಿದು ಬಂದು ಕುಳಿತರು.

'ನನ್ನ ಜೀಪಿಗೆ ಬಾಗಿಲೇ ಇಲ್ಲ. ಗಾಳಿ ಬರ್ಲಿ ಅಂತ ತೆಗ್ಸಿದ್ದು ಅಂತ ಎಲ್ರಿಗೂ ಹೇಳ್ಕಂಡು ಬಂದೆ,' ಎಂದರು. 'ನಾಳೆ ದಾರಿಗೆ ಸರಪಳಿ ಹಾಕಿ.'

ರಜೆಯ ವಾರ ಗುಡ್ಡ ಮುಚ್ಚಿತು. ದೂರದಿಂದ ಬಂದವರು ಬೈದು ತಿರುಗಿದರು. ಸುಪ್ರಿಯಾ ಮಾಡಿದ ಕಡುಬನ್ನು ಕಲ್ಲು ಹೊರುತ್ತಿದ್ದ ಚಾಲಕರೇ ತಿಂದರು. ಕೈಲಾದಷ್ಟು ಎಲ್ಲರೂ ಹಾಕಿ ತಂತಿಬಲೆ ತರಿಸಿದರು. ಹಳ್ಳದ ಕಲ್ಲನ್ನು ಅದರಲ್ಲಿ ತುಂಬಿ ಕಣಿವೆಯ ಕಡೆಗೆ ಗೋಡೆ ಎಬ್ಬಿಸಿದರು. ದಾರಿ ತೆರೆದಾಗ ಸಂಕ್ರಾಂತಿ ಕಳೆದಿತ್ತು. ಈಗ ಡಬ್ಬಿಗೆ ಟ್ರಿಪ್ಪಿಗೆ ಎರಡು ಪಟ್ಟು ಬೀಳುತ್ತದೆ, ಅದರಲ್ಲಿ ಒಂದು ಪಾಲನ್ನು ಅಕಾಲದ ಮಳೆಗೆಂದು ಎತ್ತಿಡುತ್ತಾರೆ. ದುಗ್ಗಪ್ಪ ತೀರ್ಥಹಳ್ಳಿಗೆ ಹೋಗಿ ತಮ್ಮ ಜೀಪಿಗೆ ಬಾಗಿಲು ಹಾಕಿಸಿಕೊಂಡು ಬಂದರು.

ನಾಗೇಂದ್ರ ಅಂದೇ ಬಾಗಿಲಿಗೆ ಬಿಗಿದ ಹಗ್ಗ ಮಾತ್ರ ಹಾಗೇ ಇದೆ.

'ಗೋಡೆ ಗಟ್ಟಿ ಇದ್ಯಲ್ರೀ, ಇನ್ನಾದ್ರೂ ಬಿಚ್ಚಿ,' ಎನ್ನುತ್ತಾರೆ ಸುಪ್ರಿಯಾ.

'ಗೋಡೆ ಮೇಲೆ ನಂಬ್ಕೆ ಬಂದಿದೆ ಮಾರಾಯ್ತಿ. ಈ ಕೈ ಮೇಲೆ ಬಂದಿಲ್ಲ.'

ಅತ್ತಿಮರದ ತಿರುವಿನಲ್ಲಿ ಜನ ಈಗಲೂ ಕೇಕೆ ಹಾಕುತ್ತಾರೆ. ಆಗ ನಾಗೇಂದ್ರ ಅವರ ಬಲಗೈ ಬಾಗಿಲ ಕಡೆ ಹೋಗಿ, ಹಗ್ಗ ಮುಟ್ಟಿ, ಸ್ಟಿಯರಿಂಗಿಗೆ ಮರಳುತ್ತದೆ.